ಅಮೆರಿಕದ ಲೈಬ್ರರಿಗಳಲ್ಲಿ ಸೋಷಿಯಲ್ ವರ್ಕರ್‌ಗೆ ಏನು ಕೆಲಸ? ತೆರಿಗೆ ದುಡ್ಡು ದಂಡ ಅಲ್ವಾ? ನಮ್ಮಲ್ಲೂ ಇದು ಬರಬಹುದಾ?

ದಂಡ ಅಂತ ನನಗನ್ನಿಸುವುದಿಲ್ಲ. ನಾನಿರುವುದು ಸ್ಯಾನ್ ಫ್ರಾನ್ಸಿಸ್ಕೊ ಪಕ್ಕದಲ್ಲೇ, ಅಲ್ಲಿನ ಸಿವಿಕ್ ಸೆಂಟರ್‌ನ ಮುಖ್ಯ ಲೈಬ್ರರಿಗೆ ಆಗಾಗ ಹೋಗುತ್ತಿರುತ್ತೇನೆ.

ಮನೆಯಿಲ್ಲದವರು ಲೈಬ್ರರಿಗೆ ಬರುವುದು ಸೋಷಿಯಲ್ ವರ್ಕರ್, ಅಂದರೆ ಕಷ್ಟದಲ್ಲಿರುವವರಿಗೆ ನೆರವು ಕೊಡಿಸುವ ಸಿಬ್ಬಂದಿ, ಇದ್ದಾರೆ ಅಂತಲ್ಲ. ಅವರು ಮೊದಲಿಂದಲೂ ಬರುತ್ತಿದ್ದರು. ಏನೂ ಕೊಳ್ಳದೆ ಹಗಲೆಲ್ಲ ಕೂರಲು ಬಿಡುವ, ಬೆಚ್ಚಗಿರುವ, ಶೌಚಾಲಯ ಇರುವ, ಫೋನ್ ಚಾರ್ಜ್ ಮಾಡಿಕೊಳ್ಳಬಹುದಾದ ಜಾಗ ಊರಲ್ಲಿ ಬೇರೆ ಎಲ್ಲಿದೆ ಹೇಳಿ? ಶೆಲ್ಟರ್ (ಮನೆಯಿಲ್ಲದವರ ತಂಗುದಾಣ) ಸಿಕ್ಕರೂ ಎಷ್ಟೋ ಕಡೆ ರಾತ್ರಿ ಮಲಗಲು ಮಾತ್ರ, ಬೆಳಿಗ್ಗೆ ಎದ್ದು ಹೊರಡಬೇಕು. ಹೀಗಾಗಿ ಒಬ್ಬರು ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಮಾಡುತ್ತಿರುತ್ತಾರೆ, ಇನ್ನೊಬ್ಬರು ಶೌಚಾಲಯದ ಸಿಂಕ್‌ನಲ್ಲಿ ಬಟ್ಟೆ ಒಗೆಯುತ್ತಿರುತ್ತಾರೆ. ಪುಸ್ತಕ ಕೊಡುವ ಸಿಬ್ಬಂದಿ ಏನು ಮಾಡಬೇಕು? ಗಾರ್ಡ್ ಕರೆದು ಹೊರಗೆ ಕಳಿಸಬಹುದು, ಅಷ್ಟೇ. ನಾಳೆ ಮತ್ತೆ ಅದೇ ಕಥೆ.

2009ರಲ್ಲಿ ಆ ಲೈಬ್ರರಿ ನಗರದ ಆರೋಗ್ಯ ಇಲಾಖೆ ಜೊತೆ ಸೇರಿ ಲಿಯಾ ಎಸ್ಗೆರಾ ಅನ್ನುವವರನ್ನು ಪೂರ್ಣಾವಧಿ ಸೋಷಿಯಲ್ ವರ್ಕರ್ ಆಗಿ ನೇಮಿಸಿತು. ಅಮೆರಿಕದಲ್ಲೇ ಅದು ಮೊದಲು. ಲೈಬ್ರರಿಯೊಳಗೆ ಓಡಾಡಿ ಜನರನ್ನು ಮಾತಾಡಿಸುವುದು, ಶೆಲ್ಟರ್, ಊಟ, ಚಿಕಿತ್ಸೆ ಯಾವುದು ಬೇಕೋ ಅಲ್ಲಿಗೆ ದಾರಿ ತೋರಿಸುವುದು ಅವರ ಕೆಲಸ. ನನಗೆ ಜಾಸ್ತಿ ಹಿಡಿಸಿದ್ದು ಇನ್ನೊಂದು. ಒಂದು ಕಾಲಕ್ಕೆ ತಾವೇ ಬೀದಿಯಲ್ಲಿದ್ದವರಿಗೆ ಸಂಬಳ ಕೊಟ್ಟು, ಲೈಬ್ರರಿ ಸುತ್ತುತ್ತಾ ಎಲ್ಲಿ ಸ್ನಾನ ಮಾಡಬಹುದು, ಎಲ್ಲಿ ಊಟ ಸಿಗುತ್ತದೆ ಅಂತ ಹೇಳುವ ಕೆಲಸಕ್ಕೆ ಇಟ್ಟುಕೊಂಡರು. ಗಾರ್ಡ್ ಹೇಳಿದರೆ ಸಿಡುಕುವವರು ಇವರ ಮಾತು ಕೇಳುತ್ತಾರೆ, ಯಾಕೆಂದರೆ ಇವರು ಅನುಭವಿಸಿ ಬಂದವರು. ಡೆನ್ವರ್ ಲೈಬ್ರರಿ ಕೂಡ 2015ರಲ್ಲಿ ಸೋಷಿಯಲ್ ವರ್ಕರ್ ತಗೊಂಡಿತು, ಆಮೇಲೆ ಬೇರೆ ಊರುಗಳಲ್ಲೂ ಬಂದರು.

ಹಾಗಂತ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಸೋಷಿಯಲ್ ವರ್ಕರ್ ಮನೆಗೆ ಅರ್ಜಿ ತುಂಬಿಸಿಕೊಡಬಹುದು, ಆದರೆ ಬಾಡಿಗೆ ಆಕಾಶಕ್ಕೇರಿರುವ ಈ ಊರಲ್ಲಿ ಇಲ್ಲದ ಮನೆಯನ್ನು ಅವರಾದರೂ ಎಲ್ಲಿಂದ ತರುತ್ತಾರೆ? ಫಿಲಡೆಲ್ಫಿಯಾದ ಮ್ಯಾಕ್‌ಫರ್ಸನ್ ಸ್ಕ್ವೇರ್ ಲೈಬ್ರರಿಯಲ್ಲಂತೂ 2017ರ ಹೊತ್ತಿಗೆ, ಡ್ರಗ್ಸ್ ಜಾಸ್ತಿಯಾಗಿ ಉಸಿರು ನಿಲ್ಲುತ್ತಿದ್ದವರಿಗೆ ಲೈಬ್ರೇರಿಯನ್‌ಗಳೇ ಓಡಿಹೋಗಿ ಮದ್ದು ಕೊಡಬೇಕಾಯಿತು. ಅದು ಅತಿಯಾಯಿತು. ಬೇರೆ ಇಲಾಖೆಗಳು ಕೈಬಿಟ್ಟಿದ್ದನ್ನೆಲ್ಲ ಲೈಬ್ರರಿ ತಲೆಗೆ ಕಟ್ಟಬಾರದು.

ನಮ್ಮಲ್ಲೂ ಇದು ಬರಬಹುದಾ ಅಂತಲೂ ಕೇಳಿದ್ದೀರಿ. ಇದೇ ರೂಪದಲ್ಲಿ ಬೇಕಿಲ್ಲ. ಕರ್ನಾಟಕದಲ್ಲಿ ಆಸ್ತಿ ತೆರಿಗೆ ಜೊತೆ ಗ್ರಂಥಾಲಯ ಸೆಸ್ ಕಟ್ಟುತ್ತೇವೆ, ಹಳ್ಳಿ ಲೈಬ್ರರಿಗಳು 2019ರಿಂದ ಪಂಚಾಯತ್ ರಾಜ್ ಇಲಾಖೆ ಕೆಳಗಿವೆ. ವೃದ್ಧಾಪ್ಯ ವೇತನಕ್ಕೋ ಮಕ್ಕಳ ಸ್ಕಾಲರ್‌ಶಿಪ್‌ಗೋ ಅರ್ಜಿ ಹಾಕಲು ಜನ ಸೈಬರ್ ಸೆಂಟರ್‌ನಲ್ಲಿ ದುಡ್ಡು ಕೊಟ್ಟು ಕಾಯುತ್ತಾರಲ್ಲ, ಆ ಕೆಲಸಕ್ಕೆ ವಾರದಲ್ಲಿ ಒಂದು ದಿನ ತಿಳಿದವರೊಬ್ಬರನ್ನು ಈ ಲೈಬ್ರರಿಗಳಲ್ಲಿ ಕೂರಿಸಿದರೆ ಸಾಕು. ಲೈಬ್ರೇರಿಯನ್‌ಗೇ ಅದನ್ನೂ ಹೊರಿಸಬೇಡಿ, ಅವರ ಸಂಬಳ ಮೊದಲೇ ಕಡಿಮೆ.