‘ನೀನೇ ಬರ್ಕೊಂಡು ಬಾ, ಸೈನ್ ಹಾಕ್ತೀನಿ’ ಅಂದರೆ?

ಪ್ರಶ್ನೆ: ಎಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದೇನೆ. ಅಮೆರಿಕದ ಆರು ವಿಶ್ವವಿದ್ಯಾಲಯಗಳಲ್ಲಿ ಎಂ.ಎಸ್.ಗೆ ಅರ್ಜಿ ಹಾಕಬೇಕು. ಎಲ್ಲ ಕಡೆ ಮೂರು ಶಿಫಾರಸು ಪತ್ರ ಕೇಳಿದ್ದಾರೆ. ಪ್ರಾಜೆಕ್ಟ್ ಗೈಡ್ ಸರ್ ಪತ್ರವನ್ನು ನನಗೇ ಬರೆದುಕೊಂಡು ಬಾ ಅನ್ನುತ್ತಾರೆ. ಬರೆಯಬಹುದೇ? ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ಪತ್ರಕ್ಕೆ ತೂಕ ಹೆಚ್ಚೇ?
– ವಿದ್ಯಾರ್ಥಿನಿ, ಹಾಸನ

ಉತ್ತರ: ಬರೆಯಬೇಡಿ. ನಮ್ಮ ಕಾಲೇಜುಗಳಲ್ಲಿ ಇದು ರೂಢಿಯೇ ಆಗಿಹೋಗಿದೆ, ನಿಜ. ಆದರೆ ಮೂರೂ ಪತ್ರ ಒಂದೇ ಕೈಯಿಂದ ಬಂದರೆ ಅದೇ ವಿಶೇಷಣ, ಅದೇ ವಾಕ್ಯದ ಓಟ. ಪಕ್ಕದಲ್ಲೇ ನಿಮ್ಮ ಎಸ್‌ಒಪಿ (ಓದಿನ ಉದ್ದೇಶ ತಿಳಿಸಿ ನೀವೇ ಬರೆಯುವ ಪ್ರಬಂಧ) ಇರುತ್ತದೆ, ಓದುವವರಿಗೆ ಗುಟ್ಟು ತಿಳಿಯಲು ಹೊತ್ತು ಬೇಕಿಲ್ಲ. ಅರ್ಜಿಯೇ ತಿರಸ್ಕೃತವಾಗಬಹುದು.

ಸರ್‌ಗೆ ಪುರುಸೊತ್ತಿಲ್ಲ, ನಿಮ್ಮ ಕೆಲಸದ ವಿವರ ನೆನಪಿಲ್ಲ, ತೊಡಕು ಇಷ್ಟೇ. ಒಂದು ಪುಟದ ಟಿಪ್ಪಣಿ ಮಾಡಿಕೊಡಿ: ಯಾವ ಸೆಮಿಸ್ಟರಿನಲ್ಲಿ ಯಾವ ವಿಷಯ ಕಲಿಸಿದರು, ಬಂದ ಅಂಕ, ನಾಲ್ವರ ಪ್ರಾಜೆಕ್ಟಿನಲ್ಲಿ ನೀವೇ ಮಾಡಿದ ಭಾಗ, ಎಲ್ಲಿ ಕೈಕೊಟ್ಟಿತು, ಹೇಗೆ ಸರಿಪಡಿಸಿದಿರಿ. ಹೊಗಳಿಕೆಯ ಒಂದು ಪದವೂ ಅದರಲ್ಲಿ ಬೇಡ, ಅದು ಅವರ ಪಾಲಿನದು. ಜೊತೆಗೆ ರೆಸ್ಯೂಮೆ, ಮಾರ್ಕ್ಸ್‌ಕಾರ್ಡ್, ಗಡುವುಗಳ ಪಟ್ಟಿ.

ಪಾಠವನ್ನೇ ಮಾಡದ ಎಚ್‌ಒಡಿ ‘ಶ್ರದ್ಧಾವಂತೆ, ಶಿಸ್ತಿನ ಹುಡುಗಿ’ ಎಂದು ಬರೆದರೆ ಏನೂ ಹೇಳಿದಂತಾಗುವುದಿಲ್ಲ. ಗೈಡ್ ಮಾಡಿದ ಅಸಿಸ್ಟೆಂಟ್ ಪ್ರೊಫೆಸರ್ ಪತ್ರವೇ ಮೇಲು. ಎಷ್ಟು ಕಾಲದಿಂದ ಬಲ್ಲಿರಿ, ತರಗತಿಯ ಮೇಲಿನ ಶೇ 5ರಲ್ಲೋ ಶೇ 10ರಲ್ಲೋ ಎಂದೂ ಪತ್ರ ಬರೆಯುವವರನ್ನು ಎಷ್ಟೋ ಕಡೆ ಫಾರ್ಮಿನಲ್ಲಿ ಕೇಳುತ್ತಾರೆ.

ಹೆಚ್ಚಾಗಿ ಎಡವುವುದು ಲಿಂಕಿನಲ್ಲಿ. ಪತ್ರ ಅಪ್‌ಲೋಡ್ ಮಾಡುವ ಲಿಂಕನ್ನು, ಅರ್ಜಿಯಲ್ಲಿ ನೀವು ಕೊಟ್ಟ ಮೇಷ್ಟ್ರ ಇಮೇಲ್‌ಗೆ ವಿಶ್ವವಿದ್ಯಾಲಯ ನೇರವಾಗಿ ಕಳಿಸುತ್ತದೆ. ಮೂವರಿಗೂ ಆರಾರು, ಒಟ್ಟು 18. ಅವರ ಜಿಮೇಲ್ ಬದಲು ಕಾಲೇಜಿನ ವಿಳಾಸ ಕೊಡಿ. ಆ ಮೇಲ್ ತಿಂಗಳುಗಟ್ಟಲೆ ತೆರೆಯದ ಮೇಷ್ಟ್ರುಗಳೂ ಉಂಟು, ಮೊದಲೊಂದು ಮೇಲ್ ಹಾಕಿ ಉತ್ತರ ಬರುತ್ತದೆಯೇ ನೋಡಿ. ಸ್ಪ್ಯಾಮ್ ಫೋಲ್ಡರ್ ನೋಡಲು ಅವರಿಗೆ ನೆನಪಿಸಿ. ಕೆಲವೆಡೆ ನೀವು ಶುಲ್ಕ ಕಟ್ಟಿ ಅರ್ಜಿ ಸಲ್ಲಿಸಿದ ಮೇಲಷ್ಟೇ ಲಿಂಕ್ ಹೊರಡುತ್ತದೆ, ಕೊನೇ ರಾತ್ರಿಗೆ ಇಟ್ಟುಕೊಂಡರೆ ಕೆಟ್ಟಿತು. ಗಡುವು ಡಿಸೆಂಬರ್ 15 ಆದರೆ ಅಕ್ಟೋಬರಿನಲ್ಲೇ ಕೇಳಿ, ನವೆಂಬರ್ ಮಧ್ಯಕ್ಕೆ ಲಿಂಕ್ ತಲುಪಿರಲಿ, ಗಡುವಿಗೆ ಹತ್ತು ದಿನ ಮುಂಚೆ ಒಮ್ಮೆ ನೆನಪಿಸಿ. ‘ಲ್ಯಾಪ್‌ಟಾಪ್ ತಾ, ನೀನೇ ಅಪ್‌ಲೋಡ್ ಮಾಡು’ ಅಂದರೂ ಒಪ್ಪಬೇಡಿ.

ಪತ್ರ ನೋಡುವ ಹಕ್ಕು ಬಿಟ್ಟುಕೊಡುತ್ತೀರಾ ಎಂದು ಅರ್ಜಿಯಲ್ಲಿ ಕೇಳುವ ಪ್ರಶ್ನೆ, ವಿದ್ಯಾರ್ಥಿಗಳ ದಾಖಲೆಗಳ ಗೋಪ್ಯತೆಗಾಗಿ ಅಮೆರಿಕ ಮಾಡಿದ 1974ರ ಫೆರ್ಪಾ ಕಾಯ್ದೆಯಿಂದ ಬಂದದ್ದು. ಬಿಡುತ್ತೇನೆ ಎಂದೇ ಟಿಕ್ ಮಾಡಿ. ಆ ಹಕ್ಕು ಅಲ್ಲಿ ಸೀಟು ಸಿಕ್ಕಿ ಸೇರಿದವರಿಗೆ ಮಾತ್ರ. ಉಳಿಸಿಕೊಂಡರೆ ಬರೆಯುವವರು ಮನಬಿಚ್ಚಿ ಬರೆದಿಲ್ಲವೇನೋ ಎಂಬ ಅನುಮಾನವಷ್ಟೇ ಲಾಭ.