ದೀಪ ಪಕ್ಕಕ್ಕಿಡಿ, ಕೆಲಸ ತೋರಿಸಿ

ನಮಸ್ಕಾರ,

ನೀವು ಮಂಡ್ಯದಿಂದ ಕಳಿಸಿದ 'ದೀಪ ಹಿಡಿದ ದೇವತೆಯರು' ಲೇಖನ ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಹಾಗಂತ ಬಿಟ್ಟುಬಿಡಿ ಅಂತ ಹೇಳುತ್ತಿಲ್ಲ. ಯುದ್ಧ ಅಂದರೆ ನಮ್ಮಲ್ಲಿ ಕತ್ತಿ, ಕುದುರೆ, ಕೋಟೆ ಇಷ್ಟರ ಬಗ್ಗೆಯೇ ಜಾಸ್ತಿ ಬರೆಯುತ್ತಾರೆ. ಗಾಯವಾದ ಮೇಲೆ ಆ ಮನುಷ್ಯನನ್ನು ಎಲ್ಲಿಗೆ ಒಯ್ದರು, ಯಾರು ತೊಳೆದರು, ಯಾರು ಗಂಜಿ ಕುಡಿಸಿದರು ಅಂತ ಕೇಳುವವರು ಕಡಿಮೆ. ನೀವು ಕೇಳಿದ್ದೀರಿ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನೇರವಾಗಿ ಹೇಳುತ್ತೇನೆ. ನಿಮ್ಮ ಲೇಖನದಲ್ಲಿ ನರ್ಸ್‌ಗಳು ಏನೂ ಕೆಲಸ ಮಾಡುವುದಿಲ್ಲ. ತ್ಯಾಗ ಮಾಡುತ್ತಾರೆ, ಕಣ್ಣೀರು ಒರೆಸುತ್ತಾರೆ, ಕರುಣೆಯ ಮೂರ್ತಿಗಳಾಗಿ ನಿಲ್ಲುತ್ತಾರೆ. ಒಬ್ಬರ ಕೈಯಲ್ಲೂ ಬಕೆಟ್ ಇಲ್ಲ, ಬ್ಯಾಂಡೇಜ್ ಇಲ್ಲ. ಪೂಜೆ ಮಾಡಿದರೆ ಗೌರವ ಕೊಟ್ಟ ಹಾಗೆ ಆಗುತ್ತದೆ ಅಂತ ನಿಮಗೆ ಅನಿಸಿರಬಹುದು. ಆದರೆ ಆ ಹೊಗಳಿಕೆಯ ಕೆಳಗೆ ಅವರು ನಿಜವಾಗಿ ಮಾಡಿದ್ದೆಲ್ಲ ಮುಚ್ಚಿಹೋಗಿದೆ.

ಫ್ಲಾರೆನ್ಸ್ ನೈಟಿಂಗೇಲ್ ಭಾಗವನ್ನೇ ನೋಡಿ. ಅವರು ಕ್ರೈಮಿಯಾ ಯುದ್ಧದ ಹೊತ್ತಿಗೆ, 1854ರ ನವೆಂಬರ್‌ನಲ್ಲಿ, 38 ನರ್ಸ್‌ಗಳ ಜೊತೆ ಇಸ್ತಾಂಬುಲ್ ಪಕ್ಕದ ಸ್ಕುಟಾರಿಯ ಬ್ರಿಟಿಷ್ ಸೇನಾ ಆಸ್ಪತ್ರೆಗೆ ಬಂದರು, ದೀಪ ಹಿಡಿದು ವಾರ್ಡ್ ಸುತ್ತಿದರು, ಸಾವು ನಿಂತಿತು ಎಂದು ಬರೆದಿದ್ದೀರಿ. ಹಾಗೆ ನಡೆಯಲಿಲ್ಲ. ಅವರು ಬಂದ ಮೇಲಿನ ಚಳಿಗಾಲದಲ್ಲಿ ಸಾವು ಇನ್ನೂ ಏರಿತು. 1855ರ ಫೆಬ್ರವರಿಯಲ್ಲಿ ನೂರಕ್ಕೆ ಸುಮಾರು 42 ರೋಗಿಗಳು ಸತ್ತರು. ಆ ದೊಡ್ಡ ಕಟ್ಟಡದ ಅಡಿಯಲ್ಲಿ ಚರಂಡಿ ಕಟ್ಟಿಕೊಂಡಿತ್ತು, ನೀರು ಬರುವ ಕಾಲುವೆಯಲ್ಲಿ ಕುದುರೆಯ ಹೆಣ ಕೊಳೆಯುತ್ತಿತ್ತು. ಮಾರ್ಚ್‌ನಲ್ಲಿ ಬಂದ ನೈರ್ಮಲ್ಯ ಆಯೋಗದವರು ಚರಂಡಿ ತೊಳೆಸಿ, ಕಸ ಸಾಗಿಸಿ, ಗಾಳಿಯಾಡುವ ಹಾಗೆ ಮಾಡಿದ ಮೇಲೆ ಆ ಸಂಖ್ಯೆ ಬೇಸಿಗೆ ಹೊತ್ತಿಗೆ 2ರ ಆಸುಪಾಸಿಗೆ ಇಳಿಯಿತು. ಹಾಗಾದರೆ ನೈಟಿಂಗೇಲ್ ಸಣ್ಣವರಾದರಾ? ಖಂಡಿತ ಇಲ್ಲ. ಅವರು ನೆಲ ಉಜ್ಜುವ ಬ್ರಷ್ ತರಿಸಿದರು. ಒಂದು ಮನೆ ಹಿಡಿದು, ಹಂಡೆ ಹಾಕಿಸಿ, ಸೈನಿಕರ ಹೆಂಡತಿಯರಿಗೆ ಸಂಬಳ ಕೊಟ್ಟು ಬಟ್ಟೆ ಒಗೆಸಿದರು. ಊರಿಗೆ ಮರಳಿದ ಮೇಲೆ ಸತ್ತವರ ಲೆಕ್ಕವನ್ನು ಕಾರಣದ ಪ್ರಕಾರ ವಿಂಗಡಿಸಿ, ಗುಂಡೇಟಿಗಿಂತ ತಡೆಯಬಹುದಾಗಿದ್ದ ರೋಗಗಳೇ ಜಾಸ್ತಿ ಜನರನ್ನು ಕೊಂದವು ಎಂದು ಚಿತ್ರ ಬರೆದು ಸರ್ಕಾರದ ಮುಂದೆ ಇಟ್ಟರು. ಅಷ್ಟು ಜನ ಸತ್ತದ್ದನ್ನು ಕಣ್ಣಾರೆ ಕಂಡವರು ಕೂತು ಆ ಲೆಕ್ಕ ಮಾಡಿದರಲ್ಲ, ನನಗೆ ಅದು ದೀಪದ ಕಥೆಗಿಂತ ದೊಡ್ಡದಾಗಿ ಕಾಣುತ್ತದೆ.

ಇನ್ನು ಈಗಿನ ಇಸ್ರೇಲಿನಲ್ಲಿರುವ ಹೈಫಾ. 1918ರ ಸೆಪ್ಟೆಂಬರ್ 23ರ ಕಾಳಗದಲ್ಲಿ ಗಾಯಗೊಂಡ ಮೈಸೂರು ಲ್ಯಾನ್ಸರ್ಸ್ (ಮೈಸೂರು ಸಂಸ್ಥಾನದ ಕುದುರೆ ದಳ) ಯೋಧರ ಹಾಸಿಗೆ ಪಕ್ಕ ಬಿಳಿ ಉಡುಪಿನ ಸಿಸ್ಟರ್ ಕೂತು ರಾತ್ರಿಯೆಲ್ಲ ಹಾಡುತ್ತಾರೆ ನಿಮ್ಮಲ್ಲಿ. ಇದಕ್ಕೆ ಆಧಾರ ಏನು? ಆ ಮೊದಲ ಮಹಾಯುದ್ಧದಲ್ಲಿ ಭಾರತೀಯ ಸಿಪಾಯಿಗಳ ಮೈ ಮುಟ್ಟಿ ಆರೈಕೆ ಮಾಡುವ ಕೆಲಸ ಹೆಚ್ಚಾಗಿ ಗಂಡಸು ಆರ್ಡರ್ಲಿಗಳದ್ದು, ಅಂದರೆ ಆಸ್ಪತ್ರೆ ಸಹಾಯಕರದ್ದು. ಇಂಗ್ಲೆಂಡಿನ ಬ್ರೈಟನ್ ಅರಮನೆಯನ್ನೇ 1914ರ ಕೊನೆಗೆ ಭಾರತೀಯರ ಆಸ್ಪತ್ರೆ ಮಾಡಿದಾಗ ಜಾತಿ, ಧರ್ಮ ನೋಡಿ ಬೇರೆ ಬೇರೆ ಅಡುಗೆಮನೆ, ಬೇರೆ ನೀರಿನ ನಲ್ಲಿ ಎಲ್ಲ ಇಟ್ಟರು. ಆದರೆ ಬಿಳಿಯ ನರ್ಸ್‌ಗಳು ಸಿಪಾಯಿಗಳನ್ನು ಮುಟ್ಟಿ ಉಪಚರಿಸುವುದು ಸರ್ಕಾರಕ್ಕೆ ಇಷ್ಟವಿರಲಿಲ್ಲ, ಅವರನ್ನು ಮೇಲ್ವಿಚಾರಣೆಗೆ ಸೀಮಿತ ಮಾಡಿದರು. ಹೊಲಸು ತೆಗೆದವರು, ಬಟ್ಟೆ ಒಗೆದವರು, ನೀರು ಹೊತ್ತವರು ಭಾರತದಿಂದಲೇ ಹೋದ ಬಡ ಜನ. ಅಂಥವರಲ್ಲಿ ಒಬ್ಬ ಸುಖಾ, ಕಸಗುಡಿಸುವವನು. 1915ರ ಜನವರಿಯಲ್ಲಿ ಇಂಗ್ಲೆಂಡಿನ ಬ್ರಾಕನ್‌ಹರ್ಸ್ಟ್‌ನಲ್ಲಿ ಸತ್ತ. ಅಸ್ಪೃಶ್ಯ ಅಂತ ಹಿಂದೂಗಳು ಸುಡಲಿಲ್ಲ, ನಮ್ಮವನಲ್ಲ ಅಂತ ಮುಸ್ಲಿಮರು ಹೂಳಲಿಲ್ಲ ಎಂದು ಆ ಊರಲ್ಲಿ ಹೇಳುತ್ತಾರೆ. ಕೊನೆಗೆ ಅಲ್ಲಿನ ಪಾದ್ರಿ ಚರ್ಚಿನ ಅಂಗಳದಲ್ಲಿ ಜಾಗ ಕೊಟ್ಟರು. ಊರವರು ದುಡ್ಡು ಹಾಕಿ ಕಲ್ಲು ನೆಡಿಸಿದರು. ಸೇನಾ ಆಸ್ಪತ್ರೆಗಳ ಚರಿತ್ರೆ ಬರೆಯುವಾಗ ಈ ಮನುಷ್ಯನಿಗೆ ಜಾಗ ಇರಲೇಬೇಕು, ಅಲ್ವಾ? ನಿಮ್ಮ ಲೇಖನದಲ್ಲಿ ದೇವತೆಯರೇ ತುಂಬಿಕೊಂಡಿದ್ದಾರೆ, ಅವನಂಥವರು ಒಬ್ಬರೂ ಇಲ್ಲ.

ಲ್ಯಾನ್ಸರ್ಸ್ ಬಗ್ಗೆಯೇ ಬರೆಯಬೇಕು ಅಂದರೆ ಒಂಟೆಯ ಎರಡೂ ಪಕ್ಕ ಕಟ್ಟಿದ ತೊಟ್ಟಿಲುಗಳಲ್ಲಿ ಗಾಯಾಳುಗಳನ್ನು ಮರಳಿನ ಮೇಲೆ ಸಾಗಿಸುತ್ತಿದ್ದುದನ್ನು ಬರೆಯಿರಿ. ಒಂಟೆ ಹೆಜ್ಜೆ ಇಟ್ಟಾಗಲೆಲ್ಲ ಮುರಿದ ಮೂಳೆ ಅಲುಗಾಡುತ್ತಿತ್ತು. ಹೈಫಾ ಗೆದ್ದ ಮುಂದಿನ ತಿಂಗಳು ಆ ಕುದುರೆ ದಳಗಳನ್ನೆಲ್ಲ ಮಲೇರಿಯಾ ಮತ್ತು ಇನ್‌ಫ್ಲುಯೆಂಜಾ ಕೆಡವಿದ್ದನ್ನು ಬರೆಯಿರಿ.

ಜ್ವರದ ವಿಷಯ ಬಂತಲ್ಲ, ನಿಮ್ಮ ಜಿಲ್ಲೆಯಲ್ಲೇ ಇದಕ್ಕೆ ಬೇಕಾದಷ್ಟು ಸಾಮಗ್ರಿ ಇದೆ. ನಿಮ್ಮ ಲೇಖನದಲ್ಲಿ ಶ್ರೀರಂಗಪಟ್ಟಣ ಒಂದು ಸಲವೂ ಬರುವುದಿಲ್ಲ, ನನಗೆ ಆಶ್ಚರ್ಯವಾಯಿತು. 1799ರಲ್ಲಿ ಕೋಟೆ ಗೆದ್ದ ಕಂಪನಿ ಸೈನ್ಯ ಅಲ್ಲೇ ನೆಲೆ ನಿಂತಿತು. ಆಮೇಲೆ ಅವರನ್ನು ಓಡಿಸಿದ್ದು ಯಾವ ಸೈನ್ಯವೂ ಅಲ್ಲ, ಜ್ವರ. 1809ರ ಹೊತ್ತಿಗೆ ದಂಡು ಬೆಂಗಳೂರಿಗೆ ಎದ್ದು ಹೋಯಿತು. ಕೆಟ್ಟ ಗಾಳಿ ಅಂತ ಬೈದುಕೊಂಡರು. ಸೊಳ್ಳೆಯ ಪಾತ್ರ ಗೊತ್ತಾಗಲು 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಅದರ ಹೊಟ್ಟೆ ಸೀಳಿ ನೋಡಬೇಕಾಯಿತು. ಕಾವೇರಿ ಹತ್ತಿರದ ಗ್ಯಾರಿಸನ್ (ದಂಡಿನವರ) ಸ್ಮಶಾನಕ್ಕೆ ಒಂದು ಬೆಳಿಗ್ಗೆ ಹೋಗಿ ಬನ್ನಿ. ಕಲ್ಲುಗಳ ಮೇಲಿನ ವಯಸ್ಸು ಬರೆದುಕೊಳ್ಳಿ. ಹೆಂಗಸರು, ಮಕ್ಕಳ ಹೆಸರನ್ನೂ ಬಿಡಬೇಡಿ. ಜ್ವರ ಸೋಲಿಸುವ ವಿದ್ಯೆ ಸೈನ್ಯಕ್ಕೆ ಬರಲು ಎಷ್ಟು ಕಾಲ ಹಿಡಿಯಿತು ಅಂದರೆ, 1943ರಲ್ಲಿ ಬರ್ಮಾ ಗಡಿಯಲ್ಲಿ ಒಬ್ಬ ಗಾಯಾಳುವಿಗೆ 120 ಜನ ಕಾಯಿಲೆಯವರು ಆಸ್ಪತ್ರೆ ಸೇರುತ್ತಿದ್ದರು ಎಂದು ಅಲ್ಲಿ ಸೈನ್ಯ ನಡೆಸಿದ ಬ್ರಿಟಿಷ್ ಜನರಲ್ ಸ್ಲಿಮ್ ದಾಖಲಿಸಿದ್ದಾರೆ. ಅಂಥ ವಾರ್ಡಿನಲ್ಲಿ ಇರುತ್ತಿದ್ದ ಕೆಲಸ ಮೈ ಒರೆಸುವುದು, ನೀರು ಕುಡಿಸುವುದು, ಮಾತ್ರೆ ನುಂಗಿದರಾ ಅಂತ ನೋಡುವುದು, ಸೊಳ್ಳೆಪರದೆ ಸರಿಮಾಡುವುದು.

ಈಗ ಮುಖ್ಯ ಮಾತು. ನಿಮ್ಮ ಕೊನೆಯ ಪುಟದಲ್ಲಿ ಒಂದು ಸಾಲು ಇದೆ: ನಿಮ್ಮ ಸೋದರತ್ತೆ ಮಿಲಿಟರಿ ನರ್ಸಿಂಗ್ ಸರ್ವಿಸ್‌ನಲ್ಲಿ ಇದ್ದರು, ಈಗ ಮದ್ದೂರಿನಲ್ಲಿದ್ದಾರೆ. ಅಷ್ಟೇ ಬರೆದು ಮತ್ತೆ ನೈಟಿಂಗೇಲ್ ಸ್ತುತಿಗೆ ಹೋಗಿಬಿಟ್ಟಿದ್ದೀರಿ! ಮನೆ ಬಾವಿಯಲ್ಲಿ ನೀರಿದ್ದೂ ಟ್ಯಾಂಕರ್‌ಗೆ ಕಾದ ಹಾಗಾಯಿತು. 1888ರಲ್ಲಿ ಹತ್ತು ಬ್ರಿಟಿಷ್ ನರ್ಸ್‌ಗಳು ಬೊಂಬಾಯಿಗೆ ಬಂದಿಳಿದಲ್ಲಿಂದ ಶುರುವಾಗಿ, 1926ರಲ್ಲಿ ಭಾರತೀಯ ಸೇನೆಯ ಕಾಯಂ ನರ್ಸಿಂಗ್ ಸೇವೆಯಾಗಿ ನಿಂತ ಆ ಪರಂಪರೆಯಲ್ಲಿ ದುಡಿದವರು, ರ‍್ಯಾಂಕ್ ಹೊತ್ತ ಅಧಿಕಾರಿ, ನಿಮ್ಮ ಮನೆಯಲ್ಲೇ ಇದ್ದಾರೆ. ಅವರ ಹತ್ತಿರ ಹೋಗಿ ಕೂತು ಮಾತಾಡಿ. 'ಹೇಗನಿಸಿತು' ಅಂತ ಸುಮ್ನೆ ಕೇಳಬೇಡಿ, ಅದಕ್ಕೆ ಎಲ್ಲರೂ ಒಂದೇ ಉತ್ತರ ಕೊಡುತ್ತಾರೆ. ರಾತ್ರಿ ಪಾಳಿಯಲ್ಲಿ ಒಬ್ಬರಿಗೆ ಎಷ್ಟು ಮಂಚ ಬರುತ್ತಿತ್ತು, ಸಿರಿಂಜ್ ಎಲ್ಲಿ ಕುದಿಸುತ್ತಿದ್ದರು, ಒಟ್ಟಿಗೆ ಹತ್ತಾರು ಗಾಯಾಳುಗಳು ಬಂದಾಗ ಮೊದಲು ಯಾರನ್ನು ನೋಡಬೇಕು ಅಂತ ಯಾರು ತೀರ್ಮಾನಿಸುತ್ತಿದ್ದರು, ಹೆಣ್ಣು ಅಧಿಕಾರಿಗೆ ಸೆಲ್ಯೂಟ್ ಹೊಡೆಯಲು ಸೈನಿಕರು ಹಿಂದೆಮುಂದೆ ನೋಡಿದ್ದುಂಟಾ, ಮದುವೆ ವಿಷಯದಲ್ಲಿ ಊರವರು ಏನಂದರು, ಇವನ್ನು ಕೇಳಿ. ಅವರು ಸುಮ್ಮನಾದ ಕಡೆ ಒತ್ತಾಯ ಮಾಡಬೇಡಿ. ಅವರು ಬೇಡ ಅಂದದ್ದನ್ನು ಬರೆಯಲೂಬೇಡಿ.

ಹೊಸ ಲೇಖನದಲ್ಲಿ ಅತ್ತೆಯವರೇ ಮೊದಲು ಬರಲಿ. ಸ್ಕುಟಾರಿ, ಶ್ರೀರಂಗಪಟ್ಟಣ ಅವರ ಮಾತಿಗೆ ಎಲ್ಲಿ ಹೊಂದುತ್ತವೋ ಅಲ್ಲಿ ಬಂದರೆ ಸಾಕು. ಪದಮಿತಿ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಸಾಮಗ್ರಿ ಚೆನ್ನಾಗಿದ್ದರೆ ಎರಡು ಸಂಚಿಕೆಯಲ್ಲಿ ಹಾಕೋಣ. ಅವರು ಒಪ್ಪಿದರೆ ಸಮವಸ್ತ್ರದಲ್ಲಿರುವ ಒಂದು ಫೋಟೋ ಕಳಿಸಿ. ಬರೆದು ಮುಗಿಸಿದ ಮೇಲೆ ಮೊದಲು ಅವರಿಗೇ ಓದಿ ಹೇಳಿ, ಆಮೇಲೆ ನನಗೆ ಕಳಿಸಿ.