ಜ್ವರದಲ್ಲಿ ಬರುವ ಸೆಳೆತ ಮೂರ್ಛೆರೋಗವೇ?

ಪ್ರಶ್ನೆ: ನನ್ನ ಮಗನಿಗೆ ಈಗ ಒಂದೂವರೆ ವರ್ಷ. ಕಳೆದ ತಿಂಗಳು ನೆಗಡಿಯೊಂದಿಗೆ ಶುರುವಾದ ಜ್ವರ ಸಂಜೆಯ ಹೊತ್ತಿಗೆ 103 ಡಿಗ್ರಿಗೆ ಏರಿ, ಅವನು ಇದ್ದಕ್ಕಿದ್ದಂತೆ ಕಣ್ಣು ಮೇಲೆ ಮಾಡಿ, ಕೈಕಾಲು ಸೆಟೆದುಕೊಂಡು ಅದುರತೊಡಗಿದ. ಮನೆಯವರು ಹಲ್ಲುಗಳ ನಡುವೆ ಚಮಚ ಇಟ್ಟರು, ಕೈಗೆ ಬೀಗದ ಕೈ ಹಿಡಿಸಿದರು. ಎರಡು ನಿಮಿಷದಲ್ಲಿ ಅದುರುವುದು ನಿಂತಿತು. ಆಸ್ಪತ್ರೆಯಲ್ಲಿ ಪರೀಕ್ಷಿಸಿ, ಜ್ವರದಿಂದ ಬಂದ ಫಿಟ್ಸ್ ಎಂದು ಹೇಳಿ ಮರುದಿನ ಮನೆಗೆ ಕಳುಹಿಸಿದರು. ಆದರೆ ಅತ್ತೆಯವರು ಇದು ಬಾಲಗ್ರಹ ಎನ್ನುತ್ತಾರೆ, ನೆರೆಯವರು ಮೂರ್ಛೆರೋಗ ಎನ್ನುತ್ತಾರೆ. ನಾನು ಜ್ವರದ ಔಷಧ ಕೊಡಲು ತಡಮಾಡಿದ್ದೇ ಇದಕ್ಕೆ ಕಾರಣವೇ?
— ಒಬ್ಬ ತಾಯಿ, ಸಾಗರ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೇ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಆ ಚಿಂತೆಯೇ ನಿಮ್ಮನ್ನು ಹೆಚ್ಚು ಕಾಡುತ್ತಿರುವಂತಿದೆ. ಇದು ನಿಮ್ಮ ತಪ್ಪಿನಿಂದ ಆದದ್ದಲ್ಲ. ಪ್ಯಾರಾಸಿಟಮಾಲ್ ಅನ್ನು ಹೊತ್ತಿಗೆ ಸರಿಯಾಗಿ ಕೊಟ್ಟರೂ ಇಂಥ ಸೆಳೆತವನ್ನು ತಡೆಯಲು ಆಗುವುದಿಲ್ಲ. ಎಷ್ಟೋ ಮಕ್ಕಳಲ್ಲಿ ಜ್ವರ ಇದೆಯೆಂದು ಮನೆಯವರಿಗೆ ತಿಳಿಯುವುದೇ ಸೆಳೆತ ಬಂದ ಮೇಲೆ. ಆ ಔಷಧವನ್ನು ನಾವು ಕೊಡುವುದು ಮಗುವಿನ ಮೈಕೈ ನೋವು, ಸಂಕಟ ಕಡಿಮೆಯಾಗಲಿ ಎಂದು ಮಾತ್ರ.

ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳ ಮಿದುಳು ಜ್ವರಕ್ಕೆ ಸೂಕ್ಷ್ಮವಾಗಿ ಸ್ಪಂದಿಸುತ್ತದೆ. ಈ ವಯಸ್ಸಿನ 100 ಮಕ್ಕಳಲ್ಲಿ ಎರಡರಿಂದ ಐದು ಮಕ್ಕಳಿಗೆ ಒಮ್ಮೆಯಾದರೂ ಹೀಗಾಗುತ್ತದೆ. ತಂದೆ, ತಾಯಿ ಅಥವಾ ಒಡಹುಟ್ಟಿದವರಿಗೆ ಆಗಿದ್ದರೆ ಸಾಧ್ಯತೆ ಹೆಚ್ಚು. ಅತ್ತೆಯವರನ್ನೇ ಕೇಳಿ ನೋಡಿ, ನಿಮ್ಮ ಯಜಮಾನರಿಗೂ ಎಳವೆಯಲ್ಲಿ ಹೀಗಾಗಿದ್ದಿರಬಹುದು. ನಿಮ್ಮ ಮಗನಿಗೆ ಬಂದಂತಹ, ಇಡೀ ಮೈಯನ್ನು ಆವರಿಸಿ ಕೆಲವೇ ನಿಮಿಷಗಳಲ್ಲಿ ತಾನಾಗಿ ನಿಂತು, ಅದೇ ದಿನ ಮರುಕಳಿಸದ ಸೆಳೆತದಿಂದ ಬುದ್ಧಿಗಾಗಲಿ ಬೆಳವಣಿಗೆಗಾಗಲಿ ಕುಂದು ಉಂಟಾಗುವುದಿಲ್ಲ. ಇಂಥ ಮಕ್ಕಳಲ್ಲಿ ಬಹುಪಾಲು ಮಂದಿಗೆ ಮುಂದೆ ಮೂರ್ಛೆರೋಗ ಬರುವುದಿಲ್ಲವಾದ್ದರಿಂದ ದಿನನಿತ್ಯದ ಮಾತ್ರೆಯ ಅಗತ್ಯವೂ ಇಲ್ಲ. ಆದರೆ ಮೂವರಲ್ಲಿ ಒಬ್ಬರಿಗೆ ಮತ್ತೊಂದು ಜ್ವರದಲ್ಲಿ ಸೆಳೆತ ಮರುಕಳಿಸುತ್ತದೆ. ಅದಕ್ಕೆ ನೀವು ಸಿದ್ಧರಾಗಿರಬೇಕು.

ಬೀಗದ ಕೈಯಿಂದ ಸೆಳೆತ ನಿಂತಿತೆಂದು ತೋರುವುದು ಸಹಜ, ಏಕೆಂದರೆ ಅದನ್ನು ಹುಡುಕಿ ತರುವಷ್ಟರಲ್ಲಿ ಸೆಳೆತ ತಾನಾಗಿಯೇ ನಿಲ್ಲುವ ಹೊತ್ತು ಬಂದಿರುತ್ತದೆ. ಬೀಗದ ಕೈಯಿಂದ ಹಾನಿ ಕಡಿಮೆ. ಚಮಚದಿಂದ ಹಲ್ಲು ಮುರಿದು ಶ್ವಾಸನಾಳಕ್ಕೆ ಹೋಗಬಹುದು. ನಾಲಿಗೆಯನ್ನು ಮಗು ನುಂಗಿಬಿಡುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಮಗುವನ್ನು ಸಮತಟ್ಟಾದ ಜಾಗದಲ್ಲಿ ಮಗ್ಗುಲಾಗಿ ಮಲಗಿಸಿ, ಜೊಲ್ಲು, ವಾಂತಿ ಹೊರಗೆ ಹರಿಯಲು ಬಿಡಿ, ಬಿಗಿಯಾದ ಬಟ್ಟೆ ಸಡಿಲಿಸಿ, ಗಡಿಯಾರ ನೋಡಿಕೊಳ್ಳಿ. ಪೂರ್ತಿ ಎಚ್ಚರವಾಗುವ ತನಕ ಬಾಯಿಗೆ ನೀರು, ಔಷಧ ಏನನ್ನೂ ಹಾಕಬೇಡಿ. ಐದು ನಿಮಿಷವಾದರೂ ನಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಸೆಳೆತ ನಿಲ್ಲಿಸಲು ಮೂಗಿಗೆ ಸಿಂಪಡಿಸುವ ಮಿಡಾಜೋಲಾಮ್ ಎಂಬ ಔಷಧವನ್ನು ಮನೆಯಲ್ಲಿ ಇಟ್ಟುಕೊಳ್ಳಬೇಕೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಸೆಳೆತ ನಿಂತ ಮೇಲೂ ಮಗು ಎಚ್ಚರಗೊಳ್ಳದಿದ್ದರೆ, ಕುತ್ತಿಗೆ ಬಿಗಿದಿದ್ದರೆ ಅಥವಾ 24 ಗಂಟೆಯೊಳಗೆ ಮತ್ತೆ ಸೆಳೆತ ಬಂದರೆ ಮಿದುಳು ಪೊರೆಯ ಸೋಂಕನ್ನು ಶಂಕಿಸಬೇಕಾಗುತ್ತದೆ. ಆಗ ಒಂದು ಗಳಿಗೆಯೂ ಕಾಯಬಾರದು.

ಪ್ರಶ್ನೆ: ಹತ್ತು ಕಿಲೋ ತೂಕದ ಮೊಮ್ಮಗಳಿಗೆ ಜ್ವರಕ್ಕೆಂದು ಬರೆದುಕೊಟ್ಟ ಪ್ಯಾರಾಸಿಟಮಾಲ್‌ನ ಮೂರು ಬಾಟಲಿಗಳು ಮನೆಯಲ್ಲಿವೆ. ಔಷಧ ಒಂದೇ ಆದರೂ ಒಂದೊಂದರ ಮೇಲೆ ಒಂದೊಂದು ಅಂಕಿ ಇದೆ. ಯಾವುದನ್ನು ಎಷ್ಟು ಕೊಡಬೇಕು?
— ಒಬ್ಬ ಓದುಗರು, ಗದಗ

ಉತ್ತರ: ಇದನ್ನು ಕೇಳಿದ್ದು ಬಹಳ ಒಳ್ಳೆಯದಾಯಿತು, ಏಕೆಂದರೆ ತಪ್ಪು ಪ್ರಮಾಣ ಯಕೃತ್ತಿಗೆ ಹಾನಿ ಮಾಡಬಲ್ಲದು. ಮಗುವಿನ ಪ್ರತಿ ಕಿಲೋ ತೂಕಕ್ಕೆ 15 ಮಿಲಿಗ್ರಾಂ ಲೆಕ್ಕದಲ್ಲಿ ನಿಮ್ಮ ಮೊಮ್ಮಗಳಿಗೆ ಒಂದು ಬಾರಿಗೆ 150 ಮಿಲಿಗ್ರಾಂ ಸಾಕು. 5 ಮಿಲಿಯಲ್ಲಿ 125 ಮಿಲಿಗ್ರಾಂ ಇರುವ ಸಿರಪ್ ಆದರೆ ಅದು 6 ಮಿಲಿ, 5 ಮಿಲಿಯಲ್ಲಿ 250 ಇರುವುದಾದರೆ 3 ಮಿಲಿ, 1 ಮಿಲಿಯಲ್ಲಿ 100 ಇರುವ ಡ್ರಾಪ್ಸ್ ಆದರೆ ಒಂದೂವರೆ ಮಿಲಿ. ಡ್ರಾಪ್ಸನ್ನು ಸಿರಪ್ ಎಂದುಕೊಂಡು 6 ಮಿಲಿ ಕುಡಿಸಿದರೆ ನಾಲ್ಕು ಪಟ್ಟು ಔಷಧ ಒಳಗೆ ಹೋಗುತ್ತದೆ. ಅಡುಗೆಮನೆಯ ಚಮಚ ಬೇಡ. ಬಾಟಲಿಯೊಂದಿಗೆ ಬರುವ ಅಳತೆಯ ಮುಚ್ಚಳವನ್ನೋ ಸಿರಿಂಜನ್ನೋ ಬಳಸಿ. ಆರು ಗಂಟೆಗಳ ಅಂತರವಿಟ್ಟು, ದಿನಕ್ಕೆ ನಾಲ್ಕು ಬಾರಿಗಿಂತ ಹೆಚ್ಚು ಕೊಡಬೇಡಿ. ನೆಗಡಿಯ ಎಷ್ಟೋ ಸಿರಪ್‌ಗಳಲ್ಲಿಯೂ ಪ್ಯಾರಾಸಿಟಮಾಲ್ ಸೇರಿರುತ್ತದೆ. ಎರಡನ್ನೂ ಕೂಡಿಸಿ ಕೊಡುವ ಮುನ್ನ ಚೀಟಿ ಓದಿ.

ಮಳೆಗಾಲದಲ್ಲಿ ಇನ್ನೊಂದು ಎಚ್ಚರ ಬೇಕು. ಡೆಂಗಿ ಅಲ್ಲವೆಂದು ಖಚಿತವಾಗುವವರೆಗೆ ಐಬುಪ್ರೊಫೆನ್, ಮೆಫೆನಾಮಿಕ್ ಆಮ್ಲದ ಸಿರಪ್‌ಗಳನ್ನು ಕೊಡಬಾರದು, ರಕ್ತಸ್ರಾವದ ಅಪಾಯವಿದೆ. ಆಸ್ಪಿರಿನ್ ಅಂತೂ ಮಕ್ಕಳ ಜ್ವರಕ್ಕೆ ಎಂದಿಗೂ ಸಲ್ಲದು. ಡೆಂಗಿಯಲ್ಲಿ ಅಪಾಯದ ಘಟ್ಟ ಬರುವುದು ಜ್ವರ ಇಳಿಯುವ ಹೊತ್ತಿನಲ್ಲಿ, ಸಾಮಾನ್ಯವಾಗಿ ಮೂರರಿಂದ ಏಳನೆಯ ದಿನದ ನಡುವೆ. ಜ್ವರ ಬಿಟ್ಟಿತೆಂದು ಮನೆಯವರು ನಿರಾಳರಾದ ಸಮಯದಲ್ಲೇ ಮಗು ಮಂಕಾಗಿ, ಹೊಟ್ಟೆನೋವೆಂದು ಅತ್ತು, ಪದೇಪದೇ ವಾಂತಿ ಮಾಡಿದರೆ, ಕೈಕಾಲು ತಣ್ಣಗಾದರೆ ಅಥವಾ ಆರು ಗಂಟೆ ಕಳೆದರೂ ಮೂತ್ರ ಮಾಡದಿದ್ದರೆ, ಬೆಳಗಾಗಲಿ ಎಂದು ಕಾಯದೆ ರಾತ್ರಿಯೇ ಆಸ್ಪತ್ರೆಗೆ ಕರೆದೊಯ್ಯಿರಿ.